ಊರೊಳಗಿನ ಬೇಟೆಹಕ್ಕಿ

ಪಕ್ಷಿಗಳಲ್ಲಿ ನಾವು ಹೊಗಳಿದವು ಬೇರೆ, ಬೈದವು ಬೇರೆ. ಗಿಳಿ, ಕೋಗಿಲೆ, ನವಿಲು, ಹಂಸ, ಪಾರಿವಾಳ ಇವು ಮೊದಲನೆಯ ಪಂಗಡಕ್ಕೆ ಸೇರಿದವು. ಕಾವ್ಯದಲ್ಲಿಯೂ ಇವಕ್ಕೆ ಸ್ಥಾನ, ಮನೆಯ ಬಾಗಿಲ ತೋರಣದಲ್ಲಿಯೂ ಇವಕ್ಕೆ ಸ್ಥಾನ. ಹದ್ದು, ಗಿಡುಗ, ಚಾಣ, ಗೂಬೆ ಇವು ಎರಡನೆಯ ಪಂಗಡ. ಒಬ್ಬರ ತಪ್ಪನ್ನು ಇನ್ನೊಬ್ಬರ ಮೇಲೆ ಹೊರಿಸಿದರೆ ‘ಗೂಬೆ ಕೂರಿಸಿದರು’ ಎನ್ನುತ್ತೇವೆ. ಸಾಲ ವಸೂಲಿಗೆ ಬಂದವನನ್ನು ಹದ್ದಿಗೆ ಹೋಲಿಸುತ್ತೇವೆ. ಗರುಡನಿಗೊಬ್ಬನಿಗೆ ಮಾತ್ರ ಈ ಅಪವಾದದಿಂದ ಬಿಡುಗಡೆ; ಅದೂ ಅವನ ಬೆನ್ನ ಮೇಲೆ ಕುಳಿತ ದೇವರ ದಯೆಯಿಂದ. ಈ ಲೇಖನವು ಎರಡನೆಯ ಪಂಗಡದ ಪರವಾಗಿ ಬರೆದದ್ದು. ಬೇಟೆಹಕ್ಕಿಯ ಒಂದು ಜೋಡಿ ಊರೊಳಗೆ ಗೂಡು ಮಾಡಿ ಮರಿ ಎಬ್ಬಿಸುವುದು ಆ ಊರಿನ ಪುಣ್ಯವೆಂದೂ, ಅದನ್ನು ತಿಂಗಳುಗಟ್ಟಲೆ ಕುಳಿತು ನೋಡುವುದು ವಿದ್ಯಾರ್ಥಿಗೆ ತಕ್ಕ ಕೆಲಸವೆಂದೂ ನನ್ನ ಅಭಿಪ್ರಾಯ.

ಮಹಾಭಾರತದ ಶ್ಯೇನ-ಕಪೋತ ಪ್ರಸಂಗವನ್ನು ನಾವೆಲ್ಲ ಬಲ್ಲೆವು. ಪಾರಿವಾಳ ಬಂದು ಅರಸನ ತೊಡೆಯ ಮೇಲೆ ಬಿತ್ತು, ಅರಸ ತನ್ನ ಮಾಂಸವನ್ನೇ ಕೊಯ್ದು ತಕ್ಕಡಿಗೆ ಹಾಕಿದ. ಅರಸನ ತ್ಯಾಗವನ್ನು ನಾವು ನೆನೆಯುತ್ತೇವೆ. ಗಿಡುಗನ ಮಾತನ್ನು ಮಾತ್ರ ಮರೆಯುತ್ತೇವೆ. ಅದು ಅಲ್ಲಿ ಆಡುವ ವಾದ ಸಾಮಾನ್ಯವಾದದ್ದಲ್ಲ. ಇದು ನನಗೆ ವಿಧಿಸಿದ ಆಹಾರ. ಇದನ್ನು ಕಸಿದುಕೊಂಡರೆ ನಾನು ಸಾಯುತ್ತೇನೆ, ನಾನು ಸತ್ತರೆ ನನ್ನ ಹೆಂಡತಿ ಮಕ್ಕಳು ಸಾಯುತ್ತಾರೆ. ಒಂದು ಜೀವವನ್ನು ಉಳಿಸಲು ಹೋಗಿ ಹಲವು ಜೀವಗಳನ್ನು ಕಳೆಯುವುದು ಧರ್ಮವೇ ಎಂದು ಅದು ಕೇಳುತ್ತದೆ. ಅರಸನ ಹತ್ತಿರ ಇದಕ್ಕೆ ಮಾತಿನ ಉತ್ತರವಿರಲಿಲ್ಲ, ಆದ್ದರಿಂದಲೇ ತಕ್ಕಡಿ ಬಂದಿತು. ಕುಮಾರವ್ಯಾಸನ ಊರಿನವರಾದ ನಾವು ಈ ಗಿಡುಗನ ಅಹವಾಲನ್ನು ಇನ್ನೊಮ್ಮೆ ಕೇಳಿಕೊಳ್ಳುವುದರಲ್ಲಿ ಹಾನಿಯೇನೂ ಇಲ್ಲ.

ಚಾಣಗಳಲ್ಲಿ ಅತಿ ಪ್ರಸಿದ್ಧವಾದದ್ದು ಪೆರೆಗ್ರಿನ್ ಎಂಬ ದೊಡ್ಡ ಚಾಣ. ಆ ಹೆಸರು ಲ್ಯಾಟಿನ್ ಮೂಲದ್ದು. ದೇಶ ಸುತ್ತುವವನು, ಯಾತ್ರಿಕ ಎಂದು ಅರ್ಥ. ಕಾಗೆಯಷ್ಟು ಗಾತ್ರ, ಉದ್ದವಾದ ಚೂಪು ರೆಕ್ಕೆ, ಕೆನ್ನೆಯ ಮೇಲೆ ಹುರಿಮೀಸೆಯಂತೆ ಇಳಿದ ಕಪ್ಪು ಪಟ್ಟೆ. ಎತ್ತರದಿಂದ ಬೇಟೆಯ ಮೇಲೆ ಎರಗುವಾಗ ಅದರ ವೇಗ ಗಂಟೆಗೆ 300 ಕಿಲೋಮೀಟರನ್ನೂ ಮೀರುತ್ತದೆ. ಇಷ್ಟು ವೇಗದ ಪ್ರಾಣಿ ಭೂಮಿಯ ಮೇಲೆ ಮತ್ತೊಂದಿಲ್ಲ. ಹೆಣ್ಣು ಗಂಡಿಗಿಂತ ದೊಡ್ಡದು. ನಮ್ಮ ದೇಶದಲ್ಲಿ ಇದರ ಎರಡು ತರಹದವನ್ನು ಮುಖ್ಯವಾಗಿ ಕಾಣಬಹುದು. ಚಳಿಗಾಲದಲ್ಲಿ ಉತ್ತರ ಧ್ರುವದ ಹತ್ತಿರದ ಬಯಲುಗಳಿಂದ ಬಂದು, ಬೇಸಗೆಗೆ ಮರಳಿ ಹೋಗುವ ಅತಿಥಿ ಒಂದು. ಇಲ್ಲಿಯೇ ನಿಂತು ಪಶ್ಚಿಮ ಘಟ್ಟದಂತಹ ಕಡಿದಾದ ಬಂಡೆಗಳಲ್ಲಿ ಮರಿ ಮಾಡುವ ಶಾಹೀನ್ ಇನ್ನೊಂದು. ಸಿಂಹಳದ ಸಿಗಿರಿಯ ಬಂಡೆಯನ್ನು ಏರುವ ಪ್ರವಾಸಿಗಳ ತಲೆಯ ಮೇಲೆಯೇ ಶಾಹೀನ್ ಸಂಸಾರ ಮಾಡುತ್ತದೆ. ಬೇಟೆಹಕ್ಕಿಯನ್ನು ಪಳಗಿಸಿ ಕೈಮೇಲೆ ಕೂರಿಸಿಕೊಳ್ಳುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಈ ನೆಲವನ್ನಾಳಿದ ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಬರೆಯಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳನ್ನು ಹೇಳುವಾಗ ಶ್ಯೇನವಿನೋದವೂ ಬಂದಿದೆ. ಕೈಯ ಮೇಲಿನ ಹಕ್ಕಿಯ ವಿನೋದ ಅರಸರದಾಯಿತು. ಮುಗಿಲಿನ ಹಕ್ಕಿಯ ವಿನೋದ ನಮ್ಮದಾಗಲಿ.

ಈ ಚಾಣ ಗೂಡು ಕಟ್ಟುವುದಿಲ್ಲ. ಎತ್ತರದ ಬಂಡೆಯ ಚಾಚಿನ ಮೇಲೆ ಮಣ್ಣೋ ಗರಸೋ ಇದ್ದಲ್ಲಿ ಎದೆಯಿಂದ ಒತ್ತಿ, ಕಾಲಿನಿಂದ ಕೆದರಿ ಒಂದು ಬಟ್ಟಲಿನಷ್ಟು ತಗ್ಗು ಮಾಡಿ ಮೂರು ನಾಲ್ಕು ಮೊಟ್ಟೆ ಇಡುತ್ತದೆ. ಒಂದು ತಿಂಗಳ ಮೇಲೆ ಕಾವು. ಮರಿ ಹಾರಲು ಮತ್ತೆ ಸುಮಾರು ಆರು ವಾರ. ಅದಕ್ಕೆ ಬೇಕಾದದ್ದು ಮೂರೇ: ಯಾರೂ ಹತ್ತಲಾಗದ ಎತ್ತರ, ಮೊಟ್ಟೆ ಉರುಳದಂತಹ ಒಂದು ಹಿಡಿ ಗರಸು, ಮತ್ತು ಕಣ್ಣೆದುರು ಹಾರುವ ಹಕ್ಕಿಗಳ ಬಯಲು. ಈ ಮೂರನ್ನೂ ದೊಡ್ಡ ನಗರಗಳು ತಿಳಿಯದೆಯೇ ಒದಗಿಸಿಕೊಟ್ಟವು. ಹತ್ತಾರು ಅಂತಸ್ತಿನ ಕಟ್ಟಡ ಅದಕ್ಕೆ ಬಂಡೆಯಾಯಿತು. ಸಂತೆಯ ಪಾರಿವಾಳ ಊಟವಾಯಿತು. ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ ಸನ್ ಲೈಫ್ ವಿಮಾ ಕಂಪನಿಯ ಕಟ್ಟಡದ ಚಾಚಿನ ಮೇಲೆ 1930ರ ದಶಕದಿಂದ 1952ರ ವರೆಗೆ ಒಂದೇ ಹೆಣ್ಣು ಚಾಣ ವರ್ಷ ವರ್ಷವೂ ನೆಲೆಸಿತ್ತು. ಹಾರ್ಪರ್ ಹಾಲ್ ಎಂಬ ಪಕ್ಷಿಪ್ರಿಯನು ಅದನ್ನು ಬಿಡದೆ ನೋಡಿದ. ಬರಿಯ ಕಲ್ಲಿನ ಮೇಲೆ ಇಟ್ಟ ಮೊಟ್ಟೆಗಳು ಕೆಡುವುದನ್ನು ಕಂಡು ಗರಸು ತುಂಬಿದ ಪೆಟ್ಟಿಗೆಯನ್ನು ಅಲ್ಲಿ ಇಡಿಸಿದ. ಮುಂದಿನ ವರ್ಷಗಳಲ್ಲಿ ಅದರಲ್ಲಿ ಮರಿಗಳು ಎದ್ದವು. ಆಮೇಲೆ ಆ ಹಕ್ಕಿಯ ಚರಿತ್ರೆಯನ್ನೇ ಬರೆದು ಅಚ್ಚು ಹಾಕಿಸಿದ. ವಿಮಾ ಕಂಪನಿಯ ಗುಮಾಸ್ತರು ಕಿಟಕಿಯ ಆಚೆ ಪಾರಿವಾಳದ ಪುಕ್ಕ ಉದುರುವುದನ್ನು ನೋಡುತ್ತ ಲೆಕ್ಕ ಬರೆದರಂತೆ ಎಂದು ಊಹಿಸಿಕೊಳ್ಳುವುದಕ್ಕೇ ನನಗೆ ಸಂತೋಷವಾಗುತ್ತದೆ.

ಇಲ್ಲಿ ಯಾರಾದರೂ ಕೇಳಬಹುದು, ಕೇಳಿದ್ದೂ ಉಂಟು: ‘ನಮ್ಮ ಕಡೆ ಕುಡಿಯುವ ನೀರಿಗೆ ತತ್ವಾರ, ಓದಿದವರಿಗೆ ನೌಕರಿ ಇಲ್ಲ, ಮಳೆ ನಂಬುವ ಹಾಗಿಲ್ಲ; ಇಂಥದರಲ್ಲಿ ಮಾಳಿಗೆಯ ಮೇಲೆ ನಿಂತು ಹಕ್ಕಿ ನೋಡುವುದು ಹೊಟ್ಟೆ ತುಂಬಿದವರ ಶೋಕಿಯಲ್ಲವೇ?’ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಈ ಚಾಣದ ಚರಿತ್ರೆಯಲ್ಲಿಯೇ ಇದೆ. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಸರಕಾರ ಪತ್ರ ಒಯ್ಯುವ ಪಾರಿವಾಳಗಳನ್ನು ಕಾಪಾಡುವ ಸಲುವಾಗಿ ನೂರಾರು ಚಾಣಗಳನ್ನು ಕೊಲ್ಲಿಸಿತು. ಯುದ್ಧ ಮುಗಿದ ಮೇಲೆ ಹಕ್ಕಿ ಚೇತರಿಸಿಕೊಳ್ಳುತ್ತಿತ್ತು. 1960ರ ಸುಮಾರಿಗೆ ಪಾರಿವಾಳದ ಪಂದ್ಯದವರು ದೂರು ತಂದರು. ಚಾಣಗಳು ವಿಪರೀತ ಹೆಚ್ಚಿವೆ, ಇವಕ್ಕೆ ಕಾಯಿದೆಯ ರಕ್ಷಣೆ ತೆಗೆಯಿರಿ ಎಂದರು. ದೂರು ಬಂದ ಮೇಲೆ ಲೆಕ್ಕ ಹಾಕದೆ ವಿಧಿಯಿಲ್ಲ. ಡೆರೆಕ್ ರ‍್ಯಾಟ್‌ಕ್ಲಿಫ್ ಎಂಬ ವಿಜ್ಞಾನಿಯ ಮುಂದಾಳುತನದಲ್ಲಿ ಹಳೆಯ ಗೂಡುಗಳ ನೆಲೆಗಳನ್ನೆಲ್ಲ ಹೋಗಿ ನೋಡಿದರು. ಹಕ್ಕಿ ಹೆಚ್ಚಿದ್ದಂತೂ ಇರಲಿ, ಇಂಗ್ಲೆಂಡಿನ ದಕ್ಷಿಣ ಭಾಗದಿಂದ ಅದು ಬಹುಮಟ್ಟಿಗೆ ಮಾಯವಾಗಿತ್ತು! ಉಳಿದ ಗೂಡುಗಳಲ್ಲಿ ತಾಯಿಯ ಭಾರಕ್ಕೇ ಮೊಟ್ಟೆ ಒಡೆಯುತ್ತಿದ್ದವು. ಯಾಕೆ?

ಇದಕ್ಕೆ ಉತ್ತರ ಸಿಕ್ಕ ಬಗೆ ವಿಚಿತ್ರವಾದದ್ದು. ಆ ದೇಶದಲ್ಲಿ ಹಕ್ಕಿಯ ಮೊಟ್ಟೆ ಕೂಡಿಹಾಕುವ ಚಟದವರು ಹಿಂದಿನಿಂದಲೂ ಇದ್ದರು. ಒಳಗಿನದನ್ನು ಊದಿ ತೆಗೆದು, ಚಿಪ್ಪಿನ ಮೇಲೆ ಊರು ಮತ್ತು ತಾರೀಖು ಬರೆದು, ಹತ್ತಿ ಹಾಸಿದ ಖಾನೆಗಳಲ್ಲಿ ಇಡುತ್ತಿದ್ದರು. ಇದು ಒಳ್ಳೆಯ ಚಟವೆಂದು ನಾನು ಹೇಳುತ್ತಿಲ್ಲ. ಈಗ ಅದು ಅಲ್ಲಿಯೂ ಅಪರಾಧ, ಇಲ್ಲಿಯೂ ಅಪರಾಧ. ಆದರೆ ರ‍್ಯಾಟ್‌ಕ್ಲಿಫ್ ಆ ಚಿಪ್ಪುಗಳನ್ನು ತೂಗಿ ಅಳೆದು ನೋಡಿದಾಗ 1947ರ ಸುಮಾರಿನಿಂದ ಈಚಿನ ಚಿಪ್ಪುಗಳು ಒಮ್ಮೆಲೇ ತೆಳ್ಳಗಾದದ್ದು ಕಂಡುಬಂದಿತು. ಡಿ.ಡಿ.ಟಿ. ಎಂಬ ಕೀಟನಾಶಕ ಬೇಸಾಯಕ್ಕೆ ಬಂದ ಕಾಲವೂ ಅದೇ. 1967ರಲ್ಲಿ ಅವರು ಇದನ್ನು ಪ್ರಕಟಿಸಿದರು. ಹೊಲದ ಹುಳುವಿನಿಂದ ಕಾಳು ತಿನ್ನುವ ಹಕ್ಕಿಗೆ, ಆ ಹಕ್ಕಿಯಿಂದ ಚಾಣಕ್ಕೆ, ಮೆಟ್ಟಿಲು ಮೆಟ್ಟಿಲಾಗಿ ವಿಷ ಏರುತ್ತ ಸಾಂದ್ರವಾಗುತ್ತಿತ್ತು. ಅದು ಚಾಣವನ್ನು ನೇರವಾಗಿ ಕೊಲ್ಲಲಿಲ್ಲ; ಚಿಪ್ಪಿಗೆ ಸುಣ್ಣ ಸೇರದಂತೆ ಮಾಡಿತು. ಅಮೆರಿಕದಲ್ಲಿ 1960ರ ದಶಕದ ನಡುವಿನ ಹೊತ್ತಿಗೆ ಮಿಸಿಸಿಪ್ಪಿ ನದಿಯ ಪೂರ್ವಕ್ಕೆ ಗೂಡು ಮಾಡುವ ಒಂದು ಜೋಡಿಯೂ ಉಳಿದಿರಲಿಲ್ಲ. ರೇಚಲ್ ಕಾರ್ಸನ್ ಅವರ ‘ಸೈಲೆಂಟ್ ಸ್ಪ್ರಿಂಗ್’ ಪುಸ್ತಕ 1962ರಲ್ಲಿಯೇ ಈ ವಿಷಗಳ ವಿರುದ್ಧ ಎಚ್ಚರಿಕೆ ಕೊಟ್ಟಿತ್ತು. 1972ರಲ್ಲಿ ಆ ದೇಶ ಡಿ.ಡಿ.ಟಿ.ಯನ್ನು ನಿಷೇಧಿಸಿತು. ಕಾರ್ನೆಲ್ ವಿಶ್ವವಿದ್ಯಾಲಯದ ಟಾಮ್ ಕೇಡ್ ಮತ್ತು ಅವರ ಸಂಗಡಿಗರು ಚಾಣಗಳನ್ನು ಸಾಕಿ, ಮರಿ ಮಾಡಿಸಿ, ಸಾವಿರಾರು ಮರಿಗಳನ್ನು ಮುಗಿಲಿಗೆ ಬಿಟ್ಟರು. 1983ರಿಂದ ನ್ಯೂಯಾರ್ಕಿನ ಸೇತುವೆಗಳ ಮೇಲೆ ಅವು ಗೂಡು ಮಾಡತೊಡಗಿದವು. 1999ರಲ್ಲಿ ಆ ದೇಶದ ಅಳಿವಿನಂಚಿನ ಪಟ್ಟಿಯಿಂದ ಚಾಣದ ಹೆಸರನ್ನು ತೆಗೆದರು. ಲಂಡನ್ನಿನಲ್ಲಿ, ಈಗ ಚಿತ್ರಶಾಲೆಯಾಗಿರುವ ಹಳೆಯ ವಿದ್ಯುತ್ ಕೇಂದ್ರವೊಂದರ ಚಿಮಣಿಯ ಮೇಲೆ ಕೂತ ಚಾಣವನ್ನು ದಾರಿಯಲ್ಲಿ ಹೋಗುವವರಿಗೆ ದುರ್ಬೀನಿನಲ್ಲಿ ತೋರಿಸುವ ಏರ್ಪಾಡನ್ನು ಪಕ್ಷಿಪ್ರಿಯರು ಮಾಡಿದ್ದರು.

ಹಾಗಾದರೆ ಆ ನಗರವಾಸಿಗಳ ಅನ್ನದಲ್ಲಿಯ, ತಾಯಂದಿರ ಹಾಲಿನಲ್ಲಿಯ ವಿಷವನ್ನು ಮೊದಲು ಹೊರಗೆಡವಿದವರು ಯಾರು? ಗೂಡಿನ ಮುಂದೆ ಕೂತ ‘ಕೆಲಸವಿಲ್ಲದವರು’, ತಾರೀಖು ಬರೆದಿಟ್ಟ ಚಟದವರು. ನಮ್ಮ ದೇಶದಲ್ಲಿಯೂ ಇಂಥದೇ ಆಯಿತು. 1990ರ ದಶಕದಲ್ಲಿ ರಣಹದ್ದುಗಳು ಸಾಯತೊಡಗಿದಾಗ ಬಹಳ ಜನರಿಗೆ ಅದು ಗೊತ್ತಾಗಲೇ ಇಲ್ಲ. ಸತ್ತ ದನ ಊರ ಹೊರಗೆ ಕೊಳೆತು ನಾತ ಹೊಡೆದ ಮೇಲೆಯೇ ಗೊತ್ತಾದದ್ದು. ರಾಜಸ್ಥಾನದ ಭರತಪುರದಲ್ಲಿ ಮಾತ್ರ ವಿಭು ಪ್ರಕಾಶ್ ಎಂಬ ವಿಜ್ಞಾನಿ 1980ರ ದಶಕದಲ್ಲಿಯೇ ಗೂಡುಗಳನ್ನು ಎಣಿಸಿ ಬರೆದಿಟ್ಟಿದ್ದರು. ಹತ್ತು ಹನ್ನೆರಡು ವರ್ಷದ ಮೇಲೆ ಮತ್ತೆ ಎಣಿಸಿದಾಗ ಅನಾಹುತದ ಪ್ರಮಾಣ ಕಣ್ಣಿಗೆ ಕಂಡಿತು. ದನಗಳಿಗೆ ನೋವಿಗೆಂದು ಕೊಡುತ್ತಿದ್ದ ಡಿಕ್ಲೊಫೆನಾಕ್ ಎಂಬ ಔಷಧ ಅದಕ್ಕೆ ಕಾರಣವೆಂದು 2004ರಲ್ಲಿ ತಿಳಿಯಿತು, 2006ರಲ್ಲಿ ದನಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿದರು. ನಮ್ಮ ರಾಜ್ಯದಲ್ಲಿ ಉಳಿದ ರಣಹದ್ದುಗಳ ಸಲುವಾಗಿ 2012ರಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು ಧಾಮವನ್ನಾಗಿ ಮಾಡಲಾಯಿತು. ಮೊದಲನೆಯ ಎಣಿಕೆ ಇಲ್ಲದಿದ್ದರೆ ಎರಡನೆಯ ಎಣಿಕೆಗೆ ಅರ್ಥವೆಲ್ಲಿ?

ಈಗ ನಮ್ಮ ನೆಲಕ್ಕೆ ಬರೋಣ. ಗದಗ ಜಿಲ್ಲೆಯ ಎರೆಭೂಮಿ ಹತ್ತಿ, ಮೆಣಸಿನಕಾಯಿ, ಉಳ್ಳಾಗಡ್ಡಿ, ಶೇಂಗಾ, ಹೆಸರು ಬೆಳೆಯುವ ಭೂಮಿ. ಹತ್ತಿಗೂ ಮೆಣಸಿನಕಾಯಿಗೂ ಎಷ್ಟು ಸಲ ‘ಎಣ್ಣೆ ಹೊಡೆಯುತ್ತಾರೆ’ ಎಂಬುದನ್ನು ಹೊಲವಿದ್ದ ಮನೆಯಿಂದ ಬಂದ ನಮ್ಮ ಸಹಪಾಠಿಗಳೇ ಹೇಳಬಲ್ಲರು. ಎಣ್ಣೆ ಎಂಬ ಹೆಸರು ಎಷ್ಟು ನಿರಪಾಯವಾಗಿ ಕೇಳುತ್ತದೆ! ಡಿ.ಡಿ.ಟಿ.ಯನ್ನು ನಮ್ಮಲ್ಲಿ ಬೇಸಾಯಕ್ಕೆ ಬಳಸುವುದನ್ನು 1989ರಲ್ಲಿ ನಿಲ್ಲಿಸಿದರೂ ಅದರ ಜಾಗಕ್ಕೆ ಬಂದವು ಹಲವು. ಇವು ನಮ್ಮ ಹೊಲದ ಹಕ್ಕಿಗಳಿಗೆ ಏನು ಮಾಡಿವೆ ಎಂದು ಹೇಳಬೇಕಾದರೆ ಗೂಡಿನ ಲೆಕ್ಕ ಬೇಕು: ಈ ವರ್ಷ ಎಷ್ಟು ಗೂಡು, ಎಷ್ಟು ಮರಿ, ಎಂದು ಹಾರಿದವು, ಮುಂದಿನ ವರ್ಷ ಎಷ್ಟು.

ಗದಗ-ಬೆಟಗೇರಿಯಲ್ಲಿ ಇಪ್ಪತ್ತು ಅಂತಸ್ತಿನ ಕಟ್ಟಡಗಳಿಲ್ಲ. ಪೆರೆಗ್ರಿನ್ ಜೋಡಿ ನಾಳೆಯೇ ಬಂದು ಇಲ್ಲಿ ಸಂಸಾರ ಹೂಡುತ್ತದೆಂದು ನಾನು ಯಾರಿಗೂ ಆಸೆ ಹಚ್ಚುವುದಿಲ್ಲ. ಆದರೆ ಬೇಟೆಹಕ್ಕಿಗಳಿಗೆ ನಮ್ಮಲ್ಲಿ ಬರಗಾಲವಿಲ್ಲ. ಬೇವಿನ ಮರದಲ್ಲಿ ಅಡಗಿ ಕೂತು ಅಳಿಲು ಓತಿಕ್ಯಾತಗಳನ್ನು ಎತ್ತಿಕೊಂಡು ಹೋಗುವ ಬಿಜ್ಜು ಊರೊಳಗೆಯೇ ಗೂಡು ಕಟ್ಟುತ್ತದೆ. ಒಣ ಬಯಲಿನಲ್ಲಿ ಗಂಡು ಹೆಣ್ಣು ಜೊತೆಗೂಡಿ ಬೇಟೆಯಾಡುವ ಕೆಂಪುತಲೆಯ ಚಾಣ ಕಾಗೆ ಬಿಟ್ಟ ಹಳೆಯ ಗೂಡನ್ನು ಹಿಡಿದು ಮರಿ ಮಾಡುತ್ತದೆ. ಒಂದು ಹಕ್ಕಿಯನ್ನು ಎಬ್ಬಿಸುತ್ತದೆ, ಇನ್ನೊಂದು ಹೊಡೆಯುತ್ತದೆ. ಹಾಲಕ್ಕಿ ಎಂಬ ಸಣ್ಣ ಗೂಬೆ ಹಳೆಯ ಗೋಡೆಯ ಬಿರುಕಿನಲ್ಲಿ ಇರುತ್ತದೆ. ಬುಡಬುಡಿಕೆಯವರು ನಸುಕಿನಲ್ಲಿ ಬಂದು ‘ಹಾಲಕ್ಕಿ ನುಡಿದೈತಿ’ ಎಂದು ಹೇಳುವುದು ಇದರ ಹೆಸರಿನಲ್ಲಿಯೇ. ಹಾಗೆ ನೋಡಿದರೆ ನಮ್ಮ ನಾಡಿನಲ್ಲಿ ಊರ ಹಕ್ಕಿಯನ್ನು ಕಿವಿಗೊಟ್ಟು ಕೇಳುವುದನ್ನೇ ವೃತ್ತಿಯಾಗಿ ಉಳಿಸಿಕೊಂಡು ಬಂದವರು ಅವರೊಬ್ಬರೇ. ಪದವಿ ಪಡೆಯುವ ನಾವು ಅವರಿಗೆ ಒಂದು ಸೇರು ಜೋಳ ಕೊಟ್ಟು ಬಾಗಿಲು ಹಾಕಿಕೊಳ್ಳುತ್ತೇವೆ.

ಎಲ್ಲಕ್ಕಿಂತ ಸುಲಭವಾಗಿ ಸಿಗುವುದು ಕರಿ ಹದ್ದು. ಬೆಟಗೇರಿಯ ಒಂದು ಓಣಿಯ ದೊಡ್ಡ ಬೇವಿನ ಮರದ ಮೇಲಿನ ಜೋಡಿಯನ್ನು ನಾನು ಒಂದು ಹಂಗಾಮು ಪೂರ್ತಿ ನೋಡಿದ್ದೇನೆ. ಜನವರಿಯಲ್ಲಿ ಕಡ್ಡಿ ಹೊರುವುದು ಮೊದಲಾಯಿತು. ಕಡ್ಡಿಯ ಜೊತೆಗೆ ಅವು ತಂದದ್ದರ ಪಟ್ಟಿ ಕೇಳಿ: ತಂತಿಯ ತುಂಡು, ಹಳೆಯ ಲಾಡಿ, ಕಂಬಳಿಯ ಚೂರು, ಕೈಮಗ್ಗದ ನೂಲಿನ ಒಂದು ಗೊಂಚಲು. ನೇಕಾರರ ಊರಿನ ಹದ್ದು ನೂಲು ಹಾಸಿ ಮಲಗುವುದು ನ್ಯಾಯವೇ! ಫೆಬ್ರುವರಿಯಲ್ಲಿ ಹೆಣ್ಣು ಗೂಡು ಬಿಟ್ಟು ಏಳದಾಯಿತು. ಆಹಾರ ತರುವ ಕೆಲಸ ಗಂಡಿನದು. ಸಂತೆಯ ದಿನ ಮಾಂಸದ ಅಂಗಡಿಗಳ ಕಡೆಯಿಂದ ನಾಲ್ಕಾರು ಸಲ ಬರುತ್ತಿತ್ತು. ಉಳಿದ ದಿನ ಇಲಿ, ಓತಿ, ಮತ್ತೇನೋ. ಮಾರ್ಚಿನಲ್ಲಿ ಎರಡು ಬಿಳಿ ತಲೆಗಳು ಕಂಡವು. ಬಿಸಿಲು ಏರಿದಾಗ ತಾಯಿ ಬಿಸಿಲಿಗೆ ಬೆನ್ನು ಕೊಟ್ಟು ರೆಕ್ಕೆ ಹರವಿ ನೆರಳು ಮಾಡಿ ನಿಲ್ಲುತ್ತಿದ್ದಳು, ಬಾಯಿ ತೆರೆದು ಏದುತ್ತಿದ್ದಳು. ಗದುಗಿನ ಮಾರ್ಚಿನ ಮಧ್ಯಾಹ್ನ ಎಂಥದೆಂದು ನಿಮಗೆ ಹೇಳಬೇಕಾಗಿಲ್ಲ. ಎಪ್ರಿಲ್ ಮುಗಿಯುವುದರೊಳಗೆ ಎರಡೂ ಮರಿ ಎದುರಿನ ನೀರಿನ ಟಾಕಿಯ ಮೇಲೆ ಕೂತಿದ್ದವು. ಆ ಓಣಿಯ ಒಬ್ಬ ಹಿರಿಯರು ಮೊದಲ ವಾರ ‘ಏನ್ ನೋಡಾಕತ್ತೀಯೋ ತಮ್ಮಾ, ಅದೇನ್ ಗರುಡ ಅಲ್ಲ, ಬರೇ ಹದ್ದು’ ಎಂದವರು ಎಪ್ರಿಲ್ಲಿನಲ್ಲಿ ನಾನು ಹೋದ ಕೂಡಲೆ ‘ಸಣ್ಣದು ನಿನ್ನೆ ಸಂಜೀಕ ಹಾರೇತಿ, ನೀ ಇರಲಿಲ್ಲ’ ಎಂದು ವರದಿ ಒಪ್ಪಿಸಿದರು. ಅವರ ಕಣ್ಣಿಗೆ ಅದು ಬರೇ ಹದ್ದಾಗಿ ಉಳಿದಿರಲಿಲ್ಲ.

ನಮ್ಮ ಜಿಲ್ಲೆಯಲ್ಲಿ ಹಕ್ಕಿ ಎಂದರೆ ಎಲ್ಲರ ಬಾಯಲ್ಲಿಯೂ ಮಾಗಡಿ ಕೆರೆಯ ಮಾತು. ಶಿರಹಟ್ಟಿ ಲಕ್ಷ್ಮೇಶ್ವರಗಳ ನಡುವಿನ ಈ ಕೆರೆಗೆ ಚಳಿಗಾಲದಲ್ಲಿ ಸುಮಾರು 8,000 ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುತ್ತವೆ. 166 ಜಾತಿಯ ಹಕ್ಕಿಗಳನ್ನು ಇಲ್ಲಿ ಗುರುತಿಸಿದ್ದಾರೆ. ಅವುಗಳಲ್ಲಿ 130 ವಲಸೆ ಬರುವಂಥವು. ಮಳೆಯ ನೀರು ನಿಲ್ಲಿಸಿ ಹೊಲಕ್ಕೆ ಹಾಯಿಸಲೆಂದು ಮನುಷ್ಯರೇ ಕಟ್ಟಿದ, 54 ಹೆಕ್ಟೇರಿನಷ್ಟು ಸಣ್ಣ ಕೆರೆ ಇದು. 2024ರ ಜನವರಿಯಲ್ಲಿ ಅಂಕಸಮುದ್ರ, ಅಘನಾಶಿನಿಗಳ ಜೊತೆಗೆ ರಾಮ್ಸಾರ್ ಪಟ್ಟಿಗೆ ಸೇರಿ ಜಗತ್ತಿನ ಮಹತ್ವದ ಜೌಗುನೆಲೆಗಳಲ್ಲಿ ಒಂದಾಯಿತು. ಹೆಮ್ಮೆಯ ವಿಷಯ, ಸಂದೇಹವಿಲ್ಲ. ಆದರೆ ಈ ಹೆಮ್ಮೆಯನ್ನು ನಾವು ಅನುಭವಿಸುವ ರೀತಿ ನನಗೆ ಸರಿಬರುವುದಿಲ್ಲ. ರವಿವಾರ ಗಾಡಿ ಹತ್ತಿ ಹೋಗುವುದು, ದಂಡೆಯ ಮೇಲೆ ಗದ್ದಲ ಮಾಡಿ ಹಕ್ಕಿ ಎಬ್ಬಿಸುವುದು, ಎದ್ದ ಹಿಂಡಿನ ಮುಂದೆ ತನ್ನ ಮುಖ ಬರುವ ಹಾಗೆ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳುವುದು, ಚುರುಮುರಿಯ ಪೊಟ್ಟಣ ಬಿಸಾಕಿ ಬರುವುದು. ಇದು ಹಕ್ಕಿ ನೋಡಿದಂತಲ್ಲ, ಹಕ್ಕಿಗೆ ನಮ್ಮನ್ನು ತೋರಿಸಿ ಬಂದಂತೆ. ಆ ಹೆಬ್ಬಾತುಗಳು ಸಂಜೆ ಎದ್ದು ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. ಅಲ್ಲಿಯ ಪೀಕು ಯಾರದು? ಮಾಗಡಿಯ ಮತ್ತು ನೆರೆಯ ಹಳ್ಳಿಗಳ ರೈತರದು. ರಾಮ್ಸಾರ್ ಎಂಬ ಹೆಸರು ಬರುವುದಕ್ಕೆ ಬಹಳ ಮೊದಲೇ ಆ ಹಕ್ಕಿಗಳನ್ನು ಹೊಡೆಯದೆ ಬಿಟ್ಟವರು ಅವರು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಊರ ನಡುವಿನ ಮರಗಳಲ್ಲಿ ಹೆಜ್ಜಾರ್ಲೆ, ಕೊಕ್ಕರೆ ಗೂಡು ಕಟ್ಟುತ್ತವೆ. ಹೆರಿಗೆಗೆ ಬಂದ ಮನೆಮಗಳಂತೆ ಅಲ್ಲಿಯವರು ಅವನ್ನು ನೋಡಿಕೊಳ್ಳುತ್ತಾರೆ, ಮರದ ಒಡೆಯರಿಗೆ ಸರಕಾರ ಪರಿಹಾರವನ್ನೂ ಕೊಡುತ್ತದೆ. ಮಾಗಡಿಯ ಹೊಲದವರಿಗೂ ಇಂಥದೊಂದು ನ್ಯಾಯ ಖಾಯಮ್ಮಾಗಿ ದೊರೆಯಬೇಕು. ನೋಡುವವರ ಸಂತೋಷದ ಖರ್ಚನ್ನು ಬಿತ್ತುವವನ ಮೇಲೆ ಹೇರಬಾರದು.

ಸಾವಿರ ಹಕ್ಕಿಯನ್ನು ಒಂದು ದಿನ ನೋಡುವುದಕ್ಕಿಂತ ಒಂದು ಜೋಡಿಯನ್ನು ನೂರು ದಿನ ನೋಡುವುದು ಮೇಲೆಂದು ನಾನು ಹೇಳುವುದು ಇದಕ್ಕಾಗಿಯೇ. ಮೊದಲನೆಯದರಲ್ಲಿ ಬೆರಗಿದೆ, ಎರಡನೆಯದರಲ್ಲಿ ಹೊಣೆ ಹುಟ್ಟುತ್ತದೆ. ಇಂದು ಗಂಡು ಬರಲಿಲ್ಲವೆಂದರೆ ಯಾಕೆ ಬರಲಿಲ್ಲವೆಂಬ ಚಿಂತೆ ಮನೆಗೆ ಬಂದ ಮೇಲೂ ಬಿಡುವುದಿಲ್ಲ.

ಹೊಣೆಯ ಮಾತು ಬಂದ ಮೇಲೆ ಕಪ್ಪತಗುಡ್ಡವನ್ನು ನೆನೆಯದಿರಲಾಗದು. ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳಿಗೆ ಹಬ್ಬಿದ ಈ ಗುಡ್ಡದ ಸಲುವಾಗಿ ತೋಂಟದ ಸಿದ್ಧಲಿಂಗ ಮಹಾಸ್ವಾಮಿಗಳು ಬೀದಿಗೆ ಇಳಿದದ್ದನ್ನು ನಮ್ಮ ಹಿರಿಯರು ಕಂಡಿದ್ದಾರೆ. 2011ರಲ್ಲಿ ಹಳ್ಳಿಗುಡಿಯ ಹತ್ತಿರ ಬರಲಿದ್ದ ಪೋಸ್ಕೊ ಉಕ್ಕಿನ ಕಾರಖಾನೆ ಬರಲಿಲ್ಲ. 2019ರಲ್ಲಿ ಗುಡ್ಡದ 244 ಚದರ ಕಿಲೋಮೀಟರು ವನ್ಯಜೀವಿಧಾಮವಾಯಿತು. ಆ ಏಣುಗಳ ಮೇಲೆ ಗಾಳಿಯ ಫ್ಯಾನುಗಳು ತಿರುಗುತ್ತಿವೆ. ಹೊಗೆಯಿಲ್ಲದ ವಿದ್ಯುತ್ತು ಬೇಡವೆನ್ನುವಷ್ಟು ಅವಿವೇಕಿ ನಾನಲ್ಲ. ಆದರೆ ಗುಡ್ಡದ ಗಾಳಿಯನ್ನು ನಂಬಿ ರೆಕ್ಕೆ ಬೀಸದೆ ತೇಲುವವು ಬೇಟೆಹಕ್ಕಿಗಳು. ಫ್ಯಾನು ನಿಲ್ಲಿಸುವ ಜಾಗವೂ ಅದೇ ಗಾಳಿಯ ಜಾಗ. ಯಾವ ಏಣಿನ ಮೇಲೆ ಅವು ಹೆಚ್ಚು ಹಾರುತ್ತವೆ ಎಂಬುದನ್ನು ಮೊದಲು ನೋಡಿ, ಆಮೇಲೆ ಕಂಬ ನೆಡುವುದು ಕಷ್ಟದ ಕೆಲಸವಲ್ಲ. ನೋಡುವವರು ಬೇಕು, ಅಷ್ಟೆ.

ಊರೊಳಗಿನ ಮಾತೂ ಇದೇ. ರಸ್ತೆ ಅಗಲವಾಗಬೇಕು, ಒಪ್ಪಿದೆ. ಹಾಗೆಂದು ಮಾರ್ಚ್ ತಿಂಗಳ ಖರ್ಚು ತೋರಿಸುವ ಅವಸರದಲ್ಲಿ ಫೆಬ್ರುವರಿಯಲ್ಲಿಯೇ ಮರ ಉರುಳಿಸುವುದು ಯಾವ ನ್ಯಾಯ? ಬಿಜ್ಜು, ಹದ್ದುಗಳ ಮರಿ ಗೂಡಿನಲ್ಲಿರುವ ತಿಂಗಳುಗಳು ಅವೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ರಕ್ಷಿತ ಹಕ್ಕಿಯ ಮೊಟ್ಟೆ ಅಥವಾ ಗೂಡನ್ನು ಕೆಡಿಸುವುದೂ ಬೇಟೆಯಾಡಿದ್ದಕ್ಕೆ ಸಮ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅಪ್ಪಣೆ ಬೇಕು. ಕಡಿಯಲೇಬೇಕಾದ ಮರವನ್ನು ಜೂನಿನ ಮೇಲೆ, ಗೂಡು ಬರಿದಾದ ಮೇಲೆ ಕಡಿಯಿರಿ ಎಂದು ಕೇಳುವುದರಿಂದ ಯಾವ ರಸ್ತೆಯೂ ನಿಲ್ಲುವುದಿಲ್ಲ, ಯಾವ ಗುತ್ತಿಗೆದಾರನೂ ಮುಳುಗುವುದಿಲ್ಲ. ಆದರೆ ‘ಗೂಡು ಇಲ್ಲಿದೆ’ ಎಂದು ಕಾಗದದ ಮೇಲೆ ಬರೆದು ತೋರಿಸುವವರು ಇರಬೇಕು. ಬಾಯಿಮಾತಿಗೆ ಕಚೇರಿಯಲ್ಲಿ ಬೆಲೆಯಿಲ್ಲ. ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದ ಹತ್ತಿರ ಅಮುರ್ ಚಾಣಗಳನ್ನು ಬಲೆ ಹಾಕಿ ಲೆಕ್ಕವಿಲ್ಲದಷ್ಟು ಕೊಲ್ಲುತ್ತಿದ್ದದ್ದು 2012ರಲ್ಲಿ ಹೊರಬಿದ್ದಿತು. ಮರುವರ್ಷವೇ ಆ ಹಳ್ಳಿಗಳವರೇ ಬಲೆ ಸುತ್ತಿಟ್ಟರು. ಕಂಡು ಬರೆದವರಿದ್ದರೆ ಹನ್ನೆರಡು ತಿಂಗಳಲ್ಲಿ ಇಷ್ಟಾಗಬಲ್ಲದು.

ನಮ್ಮ ಕಾಲೇಜು ಒಂದು ಗೂಡಿನ ದಫ್ತರು ಇಡಬೇಕೆಂಬುದು ನನ್ನ ಸೂಚನೆ. ಇದಕ್ಕೆ ಅನುದಾನ ಬೇಡ, ಉದ್ಘಾಟನೆ ಬೇಡ, ಮುಖ್ಯ ಅತಿಥಿಗಳೂ ಬೇಡ. ಇನ್ನೂರು ಪುಟದ ಒಂದು ವಹಿ, ಅದಕ್ಕೆ ದಾರದಿಂದ ಕಟ್ಟಿದ ಒಂದು ಪೆನ್ಸಿಲು. ಗ್ರಂಥಾಲಯದ ಪತ್ರಿಕೆಗಳ ಮೇಜಿನ ಮೇಲೆ ಇಟ್ಟರಾಯಿತು. ಹಕ್ಕಿಯ ಹೆಸರು ಗೊತ್ತಿಲ್ಲದಿದ್ದರೆ ಬಣ್ಣ ಬರೆಯಲಿ. ಯಾವ ಊರು, ಯಾವ ಓಣಿ, ಯಾವ ಮರ ಅಥವಾ ಟಾವರು, ಯಾವ ತಾರೀಖಿಗೆ ಕಡ್ಡಿ ತಂದಿತು, ಯಾವಾಗ ಕಾವಿಗೆ ಕೂತಿತು, ಎಷ್ಟು ಮರಿ, ಎಂದು ಹಾರಿದವು. ಹೊಲದ ಗೂಡಾದರೆ ಆ ಹೊಲಕ್ಕೆ ಯಾವ ಎಣ್ಣೆ ಹೊಡೆದರು, ಎಂದು ಹೊಡೆದರು ಎಂಬ ಒಂದು ಖಾನೆ ಜಾಸ್ತಿ. ಲಕ್ಷ್ಮೇಶ್ವರ, ಮುಂಡರಗಿ, ಶಿರಹಟ್ಟಿಗಳಿಂದ ದಿನಾಲು ಬಸ್ಸಿನಲ್ಲಿ ಬರುವ ನಮ್ಮ ಮಿತ್ರರು ಕಿಟಕಿಯಿಂದ ನೋಡಿದ್ದನ್ನು ಬರೆದರೂ ನಾಲ್ಕು ರಸ್ತೆಯ ಲೆಕ್ಕ ಸಿಗುತ್ತದೆ. ಹೈಟೆನ್ಷನ್ ಕಂಬಗಳ ಮೇಲಿನ ಗೂಡುಗಳನ್ನು ಎಣಿಸಲು ಬಸ್ಸಿಗಿಂತ ಒಳ್ಳೆಯ ಜಾಗವಿಲ್ಲ. ಪ್ರಾಣಿಶಾಸ್ತ್ರದವರು ಮಾತ್ರ ಬರೆಯಬೇಕೆಂಬ ನಿಯಮವೇನೂ ಬೇಡ. ನಮ್ಮದು ಕಲಾ ಕಾಲೇಜು. ತಾರೀಖು ಹಾಕುವುದನ್ನು ಇತಿಹಾಸದವರಿಗಿಂತ ಚೆನ್ನಾಗಿ ಯಾರು ಬಲ್ಲರು?

ಹಕ್ಕಿಗಳು ಮತ್ತೆ ಜನವರಿಯಲ್ಲಿ ಕಡ್ಡಿ ಹೊರತೊಡಗುತ್ತವೆ. ವಹಿ ದಶಂಬರದೊಳಗೆ ಬಂದರೆ ಸಾಕು. ಬೆಟಗೇರಿಯ ಬೇವಿನ ಮರದ್ದನ್ನು ಮೊದಲ ಪುಟದಲ್ಲಿ ನಾನು ಬರೆದುಕೊಡುತ್ತೇನೆ.